ಒಂದು ತಮಾಷೆಗೆ ಒಂದೇ ನಗು

ಮಿಸೆಸ್ ಫ್ರೀಡಾ ಹೋಲ್ರಾಯ್ಡ್ ತನ್ನ ಗಂಡನಿಗೆ ಚಿತ್ರಹಿಂಸೆ ಕೊಡುತ್ತಾಳೆಂದು ನಾನು ಮೂರು ತಿಂಗಳು ನಂಬಿಕೊಂಡಿದ್ದೆ.

ಪ್ರಾಸ್ಪೆಕ್ಟ್ ಬೀದಿಯಲ್ಲಿ ಮನೆಗೂ ಮನೆಗೂ ನಡುವೆ ಒಂದೇ ಗೋಡೆ, ನಾನು ಹೊಸದಾಗಿ ಬಂದದ್ದು ಅವಳ ಪಕ್ಕದ ಮನೆಗೆ. ಪಕ್ಕದವರು ಚಹಾಕ್ಕೆ ಸಕ್ಕರೆ ಕಲಕಿದರೆ ಚಮಚ ಎಷ್ಟು ಸುತ್ತು ಹೊಡೆಯಿತೆಂದು ಹೇಳಬಹುದು. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಆ ಕಡೆ ಟೀವಿ ಶುರುವಾಗುತ್ತಿತ್ತು. ಜನ ಹೋ ಎಂದು ನಗುತ್ತಿದ್ದರು. ಆ ನಗುವಿನ ಮೇಲೆ ಮುದುಕಿಯ ದನಿ ಕೊಡಲಿಯಂತೆ ಬೀಳುತ್ತಿತ್ತು.

"ಬಾಯಿ ಮುಚ್ಚೋ! ಒಂದ್ ಗಳಿಗೆ ತಡ್ಕೊಳಕ್ಕೆ ಏನೋ ದಾಡಿ ನಿಂಗೆ? ಅವಳು ಮುಗಿಸ್ಲಿ!"

ಬೈಸಿಕೊಂಡವನು ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ ಒಬ್ಬ ಸಾಧುಪ್ರಾಣಿಯನ್ನು ನಾನು ಕಲ್ಪಿಸಿಕೊಂಡೆ, ಮರುಗಿದೆ. ಮರುಗಿ ಸುಮ್ಮನಿದ್ದರೆ ಆಗುತ್ತಿತ್ತು. ಪರೋಪಕಾರದ ಹುಚ್ಚು ನೋಡಿ, ಒಂದು ಶನಿವಾರ ಮಾರುಕಟ್ಟೆಯಿಂದ ಒಳ್ಳೆಯ ಪೋರ್ಕ್ ಪೈ ತಂದು ಅವಳ ಬಾಗಿಲು ತಟ್ಟಿ, ದನಿಯಲ್ಲಿ ಬೇಕಾದಷ್ಟು ಅರ್ಥ ತುಂಬಿಕೊಂಡು, "ಇದು ನಿಮ್ಮ ಯಜಮಾನರಿಗೆ" ಎಂದೆ.

"ಹೆರಾಲ್ಡ್‌ಗಾ?" ಅವಳು ಪೈಯನ್ನು ಮೂಸಿ ನೋಡಿದಳು. "ಅವನು ಸತ್ತು ಹನ್ನೊಂದು ವರ್ಷ ಆಯ್ತು. ಯಾವ ಅಂಗಡೀದು ಇದು?"

"ಹಾಗಾದ್ರೆ ದಿನಾ ನಾಲ್ಕು ಗಂಟೆಗೆ ನಿಮ್ಮ ಹತ್ರ ಬೈಸ್ಕೊಳೋರು ಯಾರು?"

ಅವಳು ಪೈಯೊಂದಿಗೆ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ನಮ್ಮ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಆಮಂತ್ರಣ ಇಲ್ಲ.

ಬೈಸಿಕೊಳ್ಳುತ್ತಿದ್ದವನು ಟೀವಿಯೊಳಗಿದ್ದ. ಹೆಸರು ಟ್ಯಾಟರ್ಸಾಲ್, 'ಓಡಬೇಡಿ' ಎಂಬ ಹಳೆಯ ಹಾಸ್ಯ ಧಾರಾವಾಹಿಯ ನಾಯಕ, ಊರಿನ ಸಾರ್ವಜನಿಕ ಈಜುಕೊಳದ ಮೇಲ್ವಿಚಾರಕ. ಐವತ್ತು ವರ್ಷದ ಹಿಂದೆ ಲೀಡ್ಸ್‌ನ ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡು ಚಿತ್ರಿಸಿದ ಇಪ್ಪತ್ನಾಲ್ಕು ಕಂತು. ರಟ್ಟಿನ ಗೋಡೆಗಳು, ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಕಿಟಕಿಯೂ ಸೇರಿ ಅದುರುತ್ತದೆ. ಕೊಳದ ನೀರು ಒಂದು ಕಂತಿನಲ್ಲೂ ಕಾಣುವುದಿಲ್ಲ. ಕಾಣುವುದು ಟಿಕೆಟ್ ಕೋಣೆ, ಸಾಲು ಕಪಾಟು, ನಲವತ್ತೊಂದು ನಿಯಮಗಳ ಒಂದು ಫಲಕ, ಅದನ್ನು ಬರೆದ ಟ್ಯಾಟರ್ಸಾಲ್. ಆದರೂ ಇಲ್ಲಿಯ ಆಸ್ಪತ್ರೆಗಳ ಕಾಯುವ ಕೋಣೆಯಲ್ಲಿ, ಬಸ್ ಡಿಪೋದ ಕ್ಯಾಂಟೀನಿನಲ್ಲಿ, ಕ್ರಿಸ್‌ಮಸ್ ದಿನ ಮಾತು ಮುಗಿದುಹೋದ ಸಂಸಾರಗಳಲ್ಲಿ ಜನ ಇವತ್ತಿಗೂ ಅದನ್ನು ನೋಡುತ್ತಾರೆ. ಮುಂದಿನ ಸಾಲು ಗೊತ್ತಿದ್ದೇ ನೋಡುತ್ತಾರೆ. ಯಾಕೆ ಎಂದು ದೊಡ್ಡವರು ದೊಡ್ಡ ಪುಸ್ತಕಗಳನ್ನೇ ಬರೆದಿದ್ದಾರೆ. ಫ್ರೀಡಾ ಒಂದೇ ಉಸಿರಲ್ಲಿ ಹೇಳಿದ್ದಳು:

"ಎಲ್ರಿಗೂ ಜೀವನದಲ್ಲಿ ಒಬ್ಬ ಮೇಸ್ತ್ರಿ ಸಿಕ್ಕಿರ್ತಾನೆ ಚಿನ್ನ. ಅವನ ಟೈ ಬಾಗಿಲಿಗೆ ಸಿಕ್ಕಾಕ್ಕೊಂಡಿದ್ದು ಒಂದ್ಸಲ ನೋಡಿ ಸಾಯ್ಬೇಕು ಅಂತ ಎಲ್ರಿಗೂ ಆಸೆ."

ಆದರೆ ಅವಳು ನಾಲ್ಕು ಗಂಟೆಗೆ ಕೂರುತ್ತಿದ್ದದ್ದು ಟೈ ನೋಡುವುದಕ್ಕಲ್ಲ. ಅವಳು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ರಿಮೋಟನ್ನು ಕಿವಿಯ ಬಳಿ ಹಿಡಿದುಕೊಂಡು ಕೇಳುತ್ತಿದ್ದಳು. ನಟರು ಮಾತಾಡುವಾಗ ದನಿ ತಗ್ಗಿಸುವುದು, ಜನ ನಗುವಾಗ ಏರಿಸುವುದು. ಆ ಜನರ ನಡುವೆ ಅವಳ ತಂಗಿ ಮ್ಯೂರಿಯಲ್ ಇದ್ದಳು.

ಅಕ್ಕತಂಗಿಯರಿಬ್ಬರೂ ನಮ್ಮ ಸ್ಕೆಲ್‌ಬೆಕ್ ಊರಿನ ಟಾಫಿ ಕಾರ್ಖಾನೆಯಲ್ಲಿ ಕಾಗದ ಸುತ್ತುವ ಕೋಣೆಯ ಕೆಲಸದವರು. ಫ್ರೀಡಾ ಹದಿನೈದಕ್ಕೆ ಸೇರಿದವಳು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಮ್ಯೂರಿಯಲ್ ನಾಲ್ಕು ವರ್ಷ ಆಮೇಲೆ. ನಿಮಿಷಕ್ಕೆ ಇಷ್ಟು ಟಾಫಿ ಎಂಬ ಲೆಕ್ಕ. ಮಾತಾಡಿದರೆ ಮೇಸ್ತ್ರಿ ಗಡಿಯಾರ ನೋಡುತ್ತಿದ್ದ, ತನ್ನ ಜೋಕಿಗಲ್ಲದೆ ನಕ್ಕರೆ ಹೆಸರು ಬರೆದುಕೊಳ್ಳುತ್ತಿದ್ದ. ಸ್ಟುಡಿಯೋದವರು ಬಿಟ್ಟಿ ಟಿಕೆಟ್ ಕಳಿಸತೊಡಗಿದಾಗ ಕೋಣೆಗೆ ಕೋಣೆಯೇ ಶುಕ್ರವಾರ ಸಂಜೆ ಬಸ್ಸು ಹತ್ತುತ್ತಿತ್ತು. ಕೂದಲಲ್ಲಿ ಬೆಂದ ಸಕ್ಕರೆಯ ವಾಸನೆ, ಮಡಿಲಲ್ಲಿ ಮೀನಿನ ಪೇಸ್ಟ್ ಸವರಿದ ಸ್ಯಾಂಡ್‌ವಿಚ್ಚು. ವಾರವಿಡೀ ತಡೆದಿಟ್ಟ ನಗುವನ್ನೆಲ್ಲ ಅಲ್ಲಿ ಹೋಗಿ ಬಿಚ್ಚುತ್ತಿದ್ದರು.

ಮ್ಯೂರಿಯಲ್‌ಳದು ತಡವಾಗಿ ಏಳುವ ನಗು. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ಕೆಟಲಿನ ಮುಚ್ಚಳ ಅದುರಿದ ಹಾಗೆ ಒಂದು ಸದ್ದು, ಆಮೇಲೆ ಒಂದು ಕೂಗು, ಕೊನೆಗೆ ಉಸಿರುಗಟ್ಟಿಕೊಂಡು "ಸಾಕ್ಮಾಡೋ!" ಅದನ್ನು ಕೇಳಿ ಇಡೀ ಸಭೆ ಎರಡನೇ ಸಲ ನಗುತ್ತಿತ್ತು. ಧ್ವನಿ ಹಿಡಿಯುವ ಲೆನ್ ಎಂಬಾತ ಎರಡನೇ ವಾರಕ್ಕೇ ಅವಳನ್ನು ಗುರುತು ಹಿಡಿದ. ಜನರ ತಲೆಯ ಮೇಲೆ ಸಾಲಾಗಿ ತೂಗುಬಿಟ್ಟ ಮೈಕುಗಳಲ್ಲಿ ಮೂರನೆಯದರ ಕೆಳಗೆ ಅವಳಿಗೆ ಕಾಯಂ ಜಾಗ. ಪಕ್ಕದಲ್ಲಿ ಫ್ರೀಡಾ, ಯಾಕೆಂದರೆ ತಂಗಿ ಒಬ್ಬಳೇ ಕೂರುವವಳಲ್ಲ.

ಮೂವತ್ತು ತುಂಬಿದ ವರ್ಷವೇ ಮ್ಯೂರಿಯಲ್ ತೀರಿಕೊಂಡಳು. ಎದೆಯ ಗಂಟು, ಹೇಳುವುದಕ್ಕೆ ನಾಚಿ ಒಂದು ವರ್ಷ ಸುಮ್ಮನಿದ್ದಳಂತೆ. "ನಾಚ್ಕೆ!" ಎಂದು ಫ್ರೀಡಾ ಈಗಲೂ ಆ ಪದವನ್ನು ಉಗಿಯುತ್ತಾಳೆ. ತಂಗಿಯ ಫೋಟೋ ನಾಲ್ಕಿವೆ. ಮುಂದಿನ ಹಲ್ಲು ಸೊಟ್ಟವಾದ್ದರಿಂದ ನಾಲ್ಕರಲ್ಲೂ ಬಾಯಿ ಬಿಗಿದುಕೊಂಡಿದ್ದಾಳೆ. ದನಿ ಉಳಿದಿರುವುದು ಇದೊಂದೇ ಕಡೆ. ಅಲ್ಲಿಯೂ ಟ್ಯಾಟರ್ಸಾಲ್ ತನ್ನ ಮುಂದಿನ ಮಾತಿನ ಅವಸರದಲ್ಲಿ ಆಗಾಗ ಅವಳ ಮೇಲೆ ಬಾಯಿ ಹಾಕುತ್ತಾನೆ. ಬೈಗುಳ ಅದಕ್ಕೆ.

ಇಷ್ಟು ತಿಳಿದ ಮೇಲೆ ನಾನೂ ಆಗಾಗ ನಾಲ್ಕಕ್ಕೆ ಹೋಗಿ ಕೂತು ಅವನನ್ನು ಬೈಯುತ್ತಿದ್ದೆ.

ಕಳೆದ ಫೆಬ್ರವರಿಯಲ್ಲಿ ಊರಿನ ಗ್ರಂಥಾಲಯದ ಬಾಗಿಲಿಗೆ ಒಂದು ಜಾಹೀರಾತು ಅಂಟಿತು. ಲಂಡನ್ನಿನ ಒಂದು ಕಂಪನಿ 'ಓಡಬೇಡಿ'ಯನ್ನು ಕೊಂಡುಕೊಂಡಿದೆ. ಐವತ್ತನೇ ವರ್ಷಕ್ಕೆ ಹೊಸ ಬಣ್ಣ ಕೊಟ್ಟು ಬಿಡುಗಡೆ ಮಾಡಲಿದೆ. ಇಂದಿನ ವೀಕ್ಷಕರಿಗೆ ಕಿರಿಕಿರಿಯಾಗುವ, ಯಂತ್ರದಿಂದ ತುಂಬಿದ 'ಡಬ್ಬಿ ನಗು'ವನ್ನು ತೆಗೆದುಹಾಕಲಾಗುವುದು. ಈ ಬಗ್ಗೆ ಕಂಪನಿಯ ಪರಂಪರೆ ವಿಭಾಗದ ಮುಖ್ಯಸ್ಥರಾದ ಪಿಯರ್ಸ್ ಲ್ಯಾಂಗ್ಲಿಯವರ ಉಪನ್ಯಾಸ, 'ಡಬ್ಬಿಯಿಂದ ಬಿಡುಗಡೆ'. ಚಹಾ ಬಿಸ್ಕತ್ತು ಉಂಟು.

ಫ್ರೀಡಾ ಜಾಹೀರಾತನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದಳು.

"ಡಬ್ಬಿ," ಎಂದಳು.

"ಪಾಪ, ಅವನಿಗೆ ಗೊತ್ತಿಲ್ಲವೇನೋ..." ಎಂದು ನಾನು ಶುರು ಮಾಡಿದೆ.

"ಗೊತ್ತಿಲ್ದಿದ್ರೆ ಕೇಳ್ಬೇಕು. ಕೇಳಕ್ಕೆ ಬಾಯಿಲ್ವಾ? ಉಪನ್ಯಾಸ ಮಾಡಕ್ಕೆ ಬಾಯಿದೆ!" ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಪಾದ್ರಿ ನಿಂತು ನೋಡಿದರು. "ನೀವೂ ಕೇಳಿಸ್ಕೊಳಿ! ನನ್ನ ತಂಗೀನ ಡಬ್ಬಿ ಅಂತಾನಂತೆ!"

ಈ ಸೀಮೆಯ ಜನ ಸಾಮಾನ್ಯವಾಗಿ ಸಿಟ್ಟನ್ನು ಒಳಗೇ ಇಟ್ಟುಕೊಳ್ಳುವವರು. ಕಾಲಿನ ಮೇಲೆ ಬಸ್ಸು ಹತ್ತಿದರೂ ಬಸ್ಸಿಗೆ ಕ್ಷಮಿಸಿ ಎನ್ನುವವರು. ಫ್ರೀಡಾಗೆ ಆ ರೋಗವಿಲ್ಲ. ಆ ಸಂಜೆಯೇ ಕಂಪನಿಗೆ ಎಲ್ಲ ದಪ್ಪ ಅಕ್ಷರಗಳಲ್ಲಿ ಪತ್ರ ಬರೆದಳು. ಕಂಪನಿಯ ಉತ್ತರ ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಅದಕ್ಕೆ ಸಹಿಯೂ ಇರಲಿಲ್ಲ, ಅಚ್ಚಾದ ಒಂದು ನಗುಮುಖವಿತ್ತು. ಆ ನಗುಮುಖದ ಮೇಲೆ ಅವಳು ಚಹಾದ ಬಟ್ಟಲಿಟ್ಟು ಕರೆ ಹಿಡಿಸಿದಳು.

ಉಪನ್ಯಾಸದ ದಿನ ಮಧ್ಯಾಹ್ನ ಎರಡಕ್ಕೆ ಗ್ರಂಥಾಲಯ ತುಂಬಿತ್ತು. ಫ್ರೀಡಾ ಮುಂದಿನ ಸಾಲಿನಲ್ಲಿ. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಎಡ್ನಾ ಪಾಸ್ಕೋ, ಕಾರ್ಖಾನೆಯ ಹಳೆಯ ಗೆಳತಿ, ಎಂಬತ್ನಾಲ್ಕು ವರ್ಷ, ಎಡಗಿವಿ ಪೂರ್ತಿ ರಜೆ. ಪಿಯರ್ಸ್ ಲ್ಯಾಂಗ್ಲಿ ಎಂಬಾತ ಮೂವತ್ತೈದರ ಆಸುಪಾಸು. ಹೊಳೆಯುವ ಬೂಟು, ಕಾಲುಚೀಲವಿಲ್ಲ. ಹೊರಗೆ ಹಿಮ ಉದುರುತ್ತಿತ್ತು.

"ಮೊದ್ಲು ಕಾಲುಚೀಲ ಹಾಕ್ಕೊಂಡ್ ಬರ್ಲಿ, ಆಮೇಲೆ ಪರಂಪರೆ," ಎಂದಳು ಫ್ರೀಡಾ, ಪಿಸುದನಿಯಲ್ಲಲ್ಲ.

ಆತ ಸೊಗಸಾಗಿ ಮಾತಾಡಿದ. ಅದೇ ಹೆಚ್ಚು ಕೋಪ ಬರಿಸಿತು. ಆ ಕಾಲದ ನಿರ್ಮಾಪಕರಿಗೆ ವೀಕ್ಷಕರ ಬುದ್ಧಿಯ ಮೇಲೆ ನಂಬಿಕೆಯಿರಲಿಲ್ಲ, ಎಲ್ಲಿ ನಗಬೇಕೆಂದು ಯಂತ್ರದಿಂದ ಹೇಳಿಸುತ್ತಿದ್ದರು, ಕಪಾಟಿನಲ್ಲಿ ನಗುವಿನ ರೀಲುಗಳಿರುತ್ತಿದ್ದವು, ದೊಡ್ಡ ನಗು, ಸಣ್ಣ ನಗು, ಚಪ್ಪಾಳೆ. ನಾವು ಹಾಸ್ಯವನ್ನು ಆ ಸೆರೆಯಿಂದ ಬಿಡಿಸುತ್ತಿದ್ದೇವೆ ಎಂದ. 'ನಾವು' ಎನ್ನುವಾಗ ಎದೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಬಿಡುಗಡೆಯಾದ ಹಾಸ್ಯದ ಎರಡು ನಿಮಿಷ ತೋರಿಸಿದ.

ಎಲ್ಲರಿಗೂ ಬಾಯಿಪಾಠವಾದ ದೃಶ್ಯ. ಮೇಯರ್ ಹೆಂಡತಿ ಈಜುಕೊಳ ನೋಡಲು ಬಂದಿದ್ದಾಳೆ. ಟ್ಯಾಟರ್ಸಾಲ್ ಗತ್ತಿನಿಂದ ಕಪಾಟಿನ ಬಾಗಿಲು ಹಾಕುತ್ತಾನೆ. ಟೈ ಒಳಗೆ ಸಿಕ್ಕಿಕೊಳ್ಳುತ್ತದೆ. ಬೀಗದ ಕೈ ಕಪಾಟಿನೊಳಗಿನ ಕೋಟಿನ ಜೇಬಿನಲ್ಲಿದೆ. ಮೇಯರ್ ಹೆಂಡತಿ ಕೋಣೆಯ ಆ ತುದಿಯಲ್ಲಿ ಕೈ ಚಾಚಿ ನಿಂತಿದ್ದಾಳೆ. ಸಿಕ್ಕಿಕೊಂಡೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸಾಯುವುದು ಮೇಲೆಂದು ಬಗೆದ ಆ ಮನುಷ್ಯ ಕಪಾಟಿಗೆ ಕೆನ್ನೆ ಒತ್ತಿಕೊಂಡೇ, "ಸ್ವಾಗತ ಮೇಡಂ. ಇಲ್ಲಿಂದಲೇ ಸ್ವಾಗತಿಸುವುದು ನಮ್ಮ ಪದ್ಧತಿ" ಎನ್ನುತ್ತಾನೆ. ಎಂದವನು ಜನರ ನಗು ಮುಗಿಯಲೆಂದು ಕಾಯುತ್ತಾನೆ.

ಆದರೆ ಈಗ ಕಾಯಲು ಏನೂ ಇರಲಿಲ್ಲ. ಒಂದು, ಎರಡು, ಮೂರು ಎಂದು ಆರು ಸೆಕೆಂಡು. ಮನುಷ್ಯನೊಬ್ಬ ಕಪಾಟಿಗೆ ಕೆನ್ನೆ ಕೊಟ್ಟು ಶೂನ್ಯವನ್ನು ದಿಟ್ಟಿಸುತ್ತಿದ್ದ. ಗ್ರಂಥಾಲಯದ ಹೀಟರು ಟಕ್ ಟಕ್ ಎಂದಿತು.

"ಅಯ್ಯೋ ಪಾಪ," ಎಂದಳು ಎಡ್ನಾ, ಕಿವುಡರ ದೊಡ್ಡ ದನಿಯಲ್ಲಿ. "ಲಕ್ವಾ ಹೊಡೀತಾ ಅವನಿಗೆ?"

ಕೊನೆಗೆ ಪ್ರಶ್ನೋತ್ತರ. ಫ್ರೀಡಾ ಕೈ ಎತ್ತಿದಳು. ಆದರೆ ಅವಳಿಗಿಂತ ಮೊದಲು ಹಿಂದಿನ ಸಾಲಿನವರೊಬ್ಬರು ಕೈ ಎತ್ತಿದ್ದರು. ಇಲ್ಲಿ ಮನೆಗೆ ಬೆಂಕಿ ಬಿದ್ದರೂ ನೀರಿನ ಬಕೆಟ್ಟಿಗೆ ಸಾಲಿನಲ್ಲೇ ನಿಲ್ಲಬೇಕು. ಆ ಮನುಷ್ಯ ಗ್ರಂಥಾಲಯದ ಹಿಂದೆ ಕಾರು ನಿಲ್ಲಿಸುವ ಜಾಗದ ಬಗ್ಗೆ ಕೇಳಿದ; ಉಪಪ್ರಶ್ನೆಯನ್ನೂ ಕೇಳಿದ. ಫ್ರೀಡಾ ಎತ್ತಿದ ಕೈ ಇಳಿಸಲಿಲ್ಲ, ಸರದಿಯನ್ನೂ ಮುರಿಯಲಿಲ್ಲ. ಆಮೇಲೆ ಎದ್ದು ನಿಂತಳು.

"ನಾನು ಮಿಸೆಸ್ ಹೋಲ್ರಾಯ್ಡ್. ಆ ಡಬ್ಬಿ ನಾನೇ."

"ಕ್ಷಮಿಸಿ, ಏನಂದ್ರಿ?"

"ಒಂದ್ ಗಂಟೆಯಿಂದ ಡಬ್ಬಿ ಡಬ್ಬಿ ಅಂತಿದ್ದೀಯಲ್ಲ, ಅದು ನಾನು. ನನ್ನ ಪಕ್ಕ ನನ್ನ ತಂಗಿ ಮ್ಯೂರಿಯಲ್. ಹಿಂದೆ ಎಡ್ನಾ, ಅದೋ ನೋಡು, ಬಿಸ್ಕತ್ತು ತಿಂತಾ ಕೂತಿದಾಳೆ ನಿನ್ನ ಯಂತ್ರ."

"ಯಾರು, ನಾನಾ?" ಎಂದಳು ಎಡ್ನಾ.

ಪಿಯರ್ಸ್ ಮುಖದಲ್ಲಿ ಮಕ್ಕಳು ಬರೆದ ಚಿತ್ರ ನೋಡಿದವರ ಪ್ರೀತಿ ಮೂಡಿತು. "ಎಷ್ಟು ಚೆಂದದ ನೆನಪು, ಫ್ರೀಡಾ!"

"ಮಿಸೆಸ್ ಹೋಲ್ರಾಯ್ಡ್."

"ಮಿಸೆಸ್ ಹೋಲ್ರಾಯ್ಡ್. ನೀವು ಅಲ್ಲಿಗೆ ಹೋಗಿದ್ರಿ, ಖಂಡಿತ ನಕ್ಕಿದ್ರಿ, ಇಲ್ಲ ಅಂತಿಲ್ಲ. ಆದ್ರೆ ನೆನಪು ಬೇರೆ, ಪುರಾವೆ ಬೇರೆ." ಆತ ಪರದೆಯ ಮೇಲೆ ಗರಗಸದ ಹಲ್ಲಿನಂಥ ಒಂದು ಗೆರೆ ತೋರಿಸಿದ. "ಇದು ಟೈ ದೃಶ್ಯದ ನಗು. ನೋಡಿ, ಇಲ್ಲಿ ಕತ್ತರಿಸಿದ ಗುರುತು, ಇಲ್ಲಿ ಅಂಟಿಸಿದ ಗುರುತು. ನಗುವಿನ ಹಿನ್ನೆಲೆಯ ಸದ್ದು ಕೂಡ ಬೇರೆ. ಈ ನಗು ಆ ಕ್ಷಣದ್ದಲ್ಲ. ಬೇರೆ ಎಲ್ಲಿಂದಲೋ ತಂದು ಅಂಟಿಸಿದ್ದು. ಯಂತ್ರ ಸುಳ್ಳು ಹೇಳಲ್ಲ."

ಸಭೆ ಫ್ರೀಡಾಳ ಕಡೆ ತಿರುಗಿತು. ಅವಳ ಕತ್ತು ಕೆಂಪಾಗಿತ್ತು.

"ಹೌದು," ಎಂದಳು. "ಅಂಟಿಸಿದ್ದೇ."

ನಾನು ಅವಳ ಕೋಟು ಜಗ್ಗಿದೆ, ಅವಳು ಕೂರಲಿಲ್ಲ.

"ಯಾಕ್ ಅಂಟಿಸಿದ್ರು ಅಂತ ಕೇಳು. ಮೊದಲ್ನೇ ಸಲ ಆ ಟೈ ಸಿಕ್ಕಾಕ್ಕೊಂಡಾಗ ನಾವು ನಕ್ಕಿದ್ದು ನಕ್ಕಿದ್ದೇ, ಎಡ್ನಾಳ ಕಟ್ಟುಹಲ್ಲು ಕೈಗೆ ಬಂತು. ಆಮೇಲೆ ನೋಡಿದ್ರೆ ಒಂದು ಕ್ಯಾಮೆರಾ ಮೂತಿ ಚಿತ್ರದಲ್ಲಿ ಬಂದ್ಬಿಟ್ಟಿದೆ. ಇನ್ನೊಂದ್ಸಲ ಮಾಡ್ತೀವಿ, ಹಾಗೇ ನಗಿ ಅಂದ್ರು. ಮಾಡಿದ್ರು. ನಾವು ನಗ್ಲಿಲ್ಲ. ಬೇಡ್ಕೊಂಡ್ರು. ನಾವು ಕೈಕಟ್ಕೊಂಡ್ ಕೂತ್ವಿ. ಅದಕ್ಕೆ ಒಂದ್ಸಲ ನಕ್ಕಾಯ್ತಲ್ಲ! ಗೊತ್ತಿರೋ ತಮಾಷೆಗೆ ಗೊತ್ತಿಲ್ದೋರ ಹಾಗೆ ನಕ್ರೆ ಅದು ಸುಳ್ಳು. ವಾರವೆಲ್ಲ ಮೇಸ್ತ್ರಿಯ ಜೋಕಿಗೆ ಸುಳ್ಳು ನಗು ನಕ್ಕು ಬಂದೋರು ನಾವು, ಶುಕ್ರವಾರಾನೂ ನಗ್ಬೇಕಾ? ಕೊನೆಗೆ ಲೆನ್ ಬೇರೆ ದಾರಿಯಿಲ್ದೆ ಹತ್ ನಿಮಿಷದ ಹಿಂದಿನ ನಮ್ಮ ನಗೂನೇ ತಂದು ಅಂಟಿಸ್ದ. ನಾವು ಸುಳ್ಳು ನಗಲ್ಲ ಅಂದಿದ್ದಕ್ಕೆ ಬಿದ್ದ ಅಂಟು ಕಣೋ ಅದು! ಅದನ್ನೇ ಹಿಡ್ಕೊಂಡು ನಮ್ಮನ್ನ ಸುಳ್ಳು ಅಂತೀಯ!"

ಯಾರೋ ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದರು.

"ಬಹಳ ಸ್ವಾರಸ್ಯ," ಎಂದ ಪಿಯರ್ಸ್. "ಆದರೆ ಆಧಾರ?"

"ನಿನ್ನ ಹತ್ರನೇ ಇರ್ಬೇಕು. ಜನರ ಮೈಕಿನ ರೀಲನ್ನ ಲೆನ್ ಸಂಜೆಯಿಡೀ ಓಡಿಸ್ತಾನೇ ಇರ್ತಿದ್ದ."

ಆತ ಮೊದಲ ಬಾರಿಗೆ ತೊದಲಿದ. ಹೌದು, ಹಾಗೆ ಕೆಲವು ಪೆಟ್ಟಿಗೆ ಬಂದಿವೆ, ಚಿತ್ರವಿಲ್ಲದ ಬರೀ ಸದ್ದಿನ ರೀಲುಗಳು, ಯಾರೂ ಕೇಳಿ ನೋಡಿಲ್ಲ, ಜಾಗದ ಅಭಾವ, ತಿಂಗಳ ಕೊನೆಗೆ ಅವು ವಿಲೇವಾರಿಗೆ ಹೋಗುತ್ತವೆ.

"ವಿಲೇವಾರಿ ಅಂದ್ರೆ?"

"ಅಂದ್ರೆ... ಪರಿಸರಸ್ನೇಹಿ ರೀತಿಯಲ್ಲಿ..."

"ಸುಡ್ತೀರ."

"ಸುಡೋದಲ್ಲ, ಅರೆಯೋದು."

ಫ್ರೀಡಾ ಕೂತಳು. ನನ್ನ ಕೈಯನ್ನು ಹಿಡಿದು ಮೂಳೆ ನೋಯುವಷ್ಟು ಹಿಸುಕಿದಳು. ಟಾಫಿ ಸುತ್ತಿದ ಬೆರಳುಗಳಿಗೆ ಎಪ್ಪತ್ತೇಳರಲ್ಲೂ ಎಂಥ ಶಕ್ತಿ ಎಂದು ಅಂದೇ ತಿಳಿಯಿತು.

ಊರಿನ ವಾರಪತ್ರಿಕೆಗೆ ಆ ವಾರ ಬೇರೆ ಸುದ್ದಿಯಿರಲಿಲ್ಲ. ಮುಖಪುಟದಲ್ಲಿ ಫ್ರೀಡಾಳ ಸಿಡುಕು ಮುಖ, ಮೇಲೆ ದೊಡ್ಡದಾಗಿ 'ಆ ಡಬ್ಬಿ ನಾನೇ'. ಅದನ್ನು ಲೀಡ್ಸ್‌ನ ಪತ್ರಿಕೆಯವರು ಎತ್ತಿಕೊಂಡರು, ಆಮೇಲೆ ರೇಡಿಯೋದವರು. ಬಸ್ ಡಿಪೋದ ನಲವತ್ತು ಜನ ಸಹಿ ಹಾಕಿ ಪತ್ರ ಬರೆದರು. ಅಭಿಪ್ರಾಯಗಳೆಲ್ಲ ನಿಜವಾಗಿ ಅಮೂಲ್ಯವಾಗತೊಡಗಿದಾಗ ಕಂಪನಿಗೆ ನಡುಕ ಬಂತು. ಹನ್ನೆರಡನೇ ದಿನ ಪಿಯರ್ಸ್ ಲ್ಯಾಂಗ್ಲಿ ಲ್ಯಾಪ್‌ಟಾಪ್ ಸಮೇತ ಪ್ರಾಸ್ಪೆಕ್ಟ್ ಬೀದಿಗೆ ಬಂದ.

ಫ್ರೀಡಾ ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಅದು ನನಗೆ ಕರೆ. ನಾನು ಹೋಗುವಷ್ಟರಲ್ಲಿ ಆತ ಅಡುಗೆಮನೆಯ ಮೇಜಿನ ಮುಂದೆ, ಕಪ್ಪಗೆ ಕುದಿದ ಚಹಾದ ಮುಂದೆ ಕೂತಿದ್ದ.

"ಇವನು ಸಾಕ್ಷಿ," ಎಂದಳು ನನ್ನನ್ನು ತೋರಿಸಿ. "ಹಾಕು."

ಮೊದಲು ಕುರ್ಚಿಗಳ ಕಿರಗುಟ್ಟುವಿಕೆ, ಕೆಮ್ಮು, ಸ್ಯಾಂಡ್‌ವಿಚ್ಚಿನ ಕಾಗದದ ಸದ್ದು. ಐವತ್ತು ವರ್ಷದ ಹಿಂದಿನ ಒಂದು ಶುಕ್ರವಾರ ಅಡುಗೆಮನೆಯಲ್ಲಿ ಉಸಿರಾಡಿತು. ದೂರದಲ್ಲಿ ಟ್ಯಾಟರ್ಸಾಲ್‌ನ ದನಿ, ಕಪಾಟಿನ ಬಾಗಿಲು ಧಡ್ ಎಂದದ್ದು, ಇಲ್ಲಿಂದಲೇ ಸ್ವಾಗತಿಸುವುದು ನಮ್ಮ ಪದ್ಧತಿ. ಜನ ಹೋ ಎಂದರು. ಆ ಹೋ ಇಳಿಯುವಾಗ ಕೆಟಲಿನ ಮುಚ್ಚಳ ಅದುರಿತು, ಕೂಗು ಎದ್ದಿತು, "ಸಾಕ್ಮಾಡೋ!" ಇಷ್ಟು ಹತ್ತಿರದಿಂದ, ಇಷ್ಟು ಪೂರ್ತಿಯಾಗಿ ನಾನು ಅದನ್ನು ಕೇಳಿರಲಿಲ್ಲ. ಫ್ರೀಡಾ ಕೂಡ. ಅವಳ ಮುಖ ಕಲ್ಲಾಗಿತ್ತು.

ಆಮೇಲೆ ಗಂಡಸಿನ ದನಿ, ಸ್ಟುಡಿಯೋದವನದು: "ಕ್ಷಮಿಸಿ ಮಹಿಳೆಯರೇ, ಕ್ಯಾಮೆರಾ ತಲೆ ಹಾಕಿಬಿಟ್ಟಿದೆ. ಇನ್ನೊಂದು ಸಲ. ಹಾಗೇ ನಕ್ಕುಬಿಡಿ, ಆಯ್ತಾ?" ಮತ್ತೆ ಕಪಾಟು, ಮತ್ತೆ ಸ್ವಾಗತ, ಮತ್ತೆ ಪದ್ಧತಿ. ಮೌನ. "ಸ್ವಲ್ಪ ಸಹಕರಿಸಿ, ದಯವಿಟ್ಟು."

ಆಗ, ಮೈಕಿನ ನೇರ ಕೆಳಗಿನಿಂದ, ಎಳೆಯ ಹೆಣ್ಣುದನಿ: "ಅದಕ್ಕೆ ಆಗ್ಲೇ ನಕ್ಕಾಯ್ತಲ್ಲ ಚಿನ್ನ. ಬೇರೆ ಏನಾದ್ರೂ ಇದ್ರೆ ಹಾಕಿ."

ಇದು ನಗುವಲ್ಲ, ಮಾತು. ಮ್ಯೂರಿಯಲ್ ಮಾತಾಡಿದ್ದಳು. ಫ್ರೀಡಾಳ ಕೈ ಮೇಜಿನ ಅಂಚನ್ನು ಹಿಡಿಯಿತು. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ದನಿ, ಗಡುಸಾಗಿ, ಗಾಬರಿಯಲ್ಲಿ: "ಬಾಯ್ ಮುಚ್ಕೊಂಡ್ ನಗೇ ಮ್ಯೂರಿಯಲ್! ಟಿಕೆಟ್ ಕೊಡೋದ್ ನಿಲ್ಲಿಸ್ತಾರೆ. ನಿಂದ್ಯಾವಾಗ್ಲೂ ಇದೇ ಆಯ್ತು."

"ನಾನ್ ನಗಲ್ಲ," ಎಂದಿತು ಎಳೆಯ ದನಿ. ಸುತ್ತ ಹತ್ತಾರು ಹೆಂಗಸರು, ಅದೇ ಸರಿ, ನಾವೂ ನಗಲ್ಲ, ಎಂದು ಗೊಣಗಿದರು. ರೀಲು ಮುಗಿಯಿತು.

"ಅದ್ಭುತ!" ಎಂದ ಪಿಯರ್ಸ್. "ಆ ಎರಡನೇ ಹೆಂಗಸು ಯಾರು? ಬೈದವರು?"

"ನಾನು."

'ನಾವು ನಗಲಿಲ್ಲ, ನಾವು ಕೈಕಟ್ಟಿ ಕೂತೆವು' ಎಂದು ಐವತ್ತು ವರ್ಷ ಹೇಳಿಕೊಂಡು ಬಂದ 'ನಾವು' ಎಂಬುದು ಒಬ್ಬಳೇ ಒಬ್ಬಳು ಇಪ್ಪತ್ತಮೂರರ ಹುಡುಗಿಯಿಂದ ಶುರುವಾದದ್ದು ಎಂದು ಮೂವರಿಗೂ ಕೇಳಿಸಿಯಾಗಿತ್ತು. ಫ್ರೀಡಾಳ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಅವಳ ಮುಖದಲ್ಲೇ ಸುತ್ತುತ್ತಿತ್ತು. ಲಂಡನ್ನಿನ ಮೇಲೆ ಬಿಡಬಹುದಾದದ್ದೆಲ್ಲ ಈಗ ಮನೆಗೆ ತಿರುಗಿ ಬಂದಿತ್ತು.

"ಟಿಕೆಟ್ಟಂತೆ," ಎಂದಳು ಕೊನೆಗೆ. "ಬಿಟ್ಟಿ ಟಿಕೆಟ್ಟು. ಅದಕ್ಕೋಸ್ಕರ ಬಾಯ್ ಮುಚ್ಚು ಅಂದೆ. ಅವಳು ಅದನ್ನ ಚೆನ್ನಾಗಿ ಕಲಿತ್ಳು ನೋಡು. ಆಮೇಲೆ ಮುಚ್ಕೊಂಡೇ ಇದ್ಳು, ಒಂದ್ ವರ್ಷ, ಡಾಕ್ಟರ ಹತ್ರಾನೂ."

"ಫ್ರೀಡಾ, ಅದಕ್ಕೂ ಇದಕ್ಕೂ ಏನ್ ಸಂಬಂಧ," ಎಂದೆ ನಾನು.

"ನೀನ್ ಸುಮ್ನಿರು." ಪಿಯರ್ಸ್ ಕಡೆ ತಿರುಗಿದಳು. "ಮತ್ತೆ ಹಾಕು."

ಆತ ಹಾಕಿದ. ಅವಳು ಮತ್ತೆ ಹಾಕು ಎಂದಳು. ನಾಲ್ಕು ಸಲ ಕೇಳಿದಳು, ಪ್ರತಿ ಸಲವೂ "ನಾನ್ ನಗಲ್ಲ" ಎಂಬಲ್ಲಿ ನಿಲ್ಲಿಸಲು ಹೇಳಿದಳು. ಚಹಾ ಆರಿ ಮೇಲೆ ಕೆನೆಗಟ್ಟಿತು.

ಪಿಯರ್ಸ್ ಗಂಟಲು ಸರಿಮಾಡಿಕೊಂಡ. ಆತ ಕೆಟ್ಟವನಲ್ಲ, ಸದಾ ಒಳ್ಳೆಯ ಸುದ್ದಿ ತರುವವನೆಂದು ತನ್ನ ಬಗ್ಗೆ ತಾನೇ ನಂಬಿದವನು, ಅಷ್ಟೇ. ಕಂಪನಿ ಮನಸ್ಸು ಬದಲಿಸಿದೆ ಎಂದ. ನಗು ಉಳಿಯುತ್ತದೆ, ಇಪ್ಪತ್ನಾಲ್ಕು ಕಂತಿನಲ್ಲೂ. ರೀಲುಗಳನ್ನು ಅರೆಯುವುದಿಲ್ಲ; ಈ ರೀಲಿನ ಒಂದು ಪ್ರತಿ ಇವತ್ತೇ ಇಲ್ಲೇ ಬಿಟ್ಟುಹೋಗುತ್ತಾನೆ. ಡಿವಿಡಿಯ ಹೊದಿಕೆಯ ಮೇಲೆ 'ನಿಜವಾದ ಜನ, ನಿಜವಾದ ನಗು' ಎಂದು ಅಚ್ಚು ಹಾಕಿಸುವ ಯೋಜನೆಯೂ ಇದೆ. ಹೇಳುತ್ತಾ ಹೇಳುತ್ತಾ ಅವನಿಗೆ ಉತ್ಸಾಹ ಬಂತು, ಎದೆಯ ಮೇಲೆ ಕೈ ಬಂತು.

"ಒಂದೇ ಒಂದು ಸಣ್ಣ ತೊಡಕು ಮಿಸೆಸ್ ಹೋಲ್ರಾಯ್ಡ್. ಟೈ ದೃಶ್ಯದ ಆ ಅಂಟು ಈಗಿನ ಸ್ಪೀಕರುಗಳಲ್ಲಿ ಕರ್ ಅಂತ ಕೇಳ್ಸುತ್ತೆ. ಅಲ್ಲಿ ಎರಡೇ ಸೆಕೆಂಡು ಹೊಸದಾಗಿ, ಶುದ್ಧವಾಗಿ ರೆಕಾರ್ಡ್ ಮಾಡಿ ಸೇರಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ನೀವು ಅಕ್ಕತಂಗಿ, ದನಿ ಹೋಲುತ್ತೆ. ನನ್ನ ಹತ್ರ ಮೈಕ್ ಇದೆ." ಆತ ಚೀಲದಿಂದ ಅದನ್ನು ತೆಗೆದು ಚಹಾದ ಬಟ್ಟಲಿನ ಪಕ್ಕ ಇಟ್ಟ. "ಸ್ವಲ್ಪ ನಿಮ್ಮ ತಂಗಿ ಥರ ನಕ್ಕು ಕೊಡ್ತೀರಾ?"

ಫ್ರೀಡಾ ಮೈಕನ್ನು ನೋಡಿದಳು, ಅವನನ್ನು ನೋಡಿದಳು.

"ಅವಳು ಸತ್ತಿದಾಳೆ," ಎಂದಳು. "ನಿನ್ನ ನೋಡಿದ್ರೆ ನಂಗೆ ನಗು ಬರ್ತಿಲ್ಲ."